ಗೇಣು ನೀರಿನ ಹುಣ್ಣಿಮೆ

ಗೋಡೆಯ ನೂರ ಎಂಬತ್ತೊಂದನೆಯ ಸುತ್ತು,
ಹದಿಮೂರನೆಯ ಹುಣ್ಣಿಮೆ ಕಳೆದು ಇಪ್ಪತ್ತನೆಯ ದಿನ.

ಗೋಡೆ ಕಟ್ಟಲಿರುವ ಹಿರಿಯರಿಗೆ ಕುಸಲಿ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಾರದು. ಅದಕ್ಕಾಗಿ ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು. ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ. ನಾನು ಐದನೆಯ ತರಗತಿಯವರೆಗೆ ಓದಿದವಳು. ಅದಕ್ಕಿಂತ ಮುಂದಿನ ಪುಸ್ತಕಗಳು ನಮ್ಮ ಊರಿನಲ್ಲಿ ಇಲ್ಲ.

ನಮ್ಮಲ್ಲಿ ಶಾಲೆ ಮುಗಿಸಿದ ಪ್ರತಿ ಮಗುವೂ ನಿಮಗೆ ಒಂದು ಕಾಗದ ಬರೆಯಬೇಕು. ಹಿಂದಿನ ಕಾಲಕ್ಕೆ ಹೋಗುವ ಓಲೆಯಾದ್ದರಿಂದ ಅದನ್ನು ಹಿಂದೋಲೆ ಎನ್ನುತ್ತೇವೆ. ಭತ್ತದ ಹುಲ್ಲನ್ನು ಕೊಳೆಸಿ ಮಾಡಿದ ಹಾಳೆ, ಒಬ್ಬರಿಗೆ ಒಂದೇ. ಬರೆದದ್ದನ್ನು ಗೋಡೆಯ ಬಿರುಕಿನಲ್ಲಿಟ್ಟು ಜೇಡಿಮಣ್ಣಿನಿಂದ ಮುಚ್ಚುತ್ತೇವೆ. ನೀವೂ ಮುಟ್ಟಿದ, ನಾವೂ ಮುಟ್ಟುವ ವಸ್ತು ಅದೊಂದೇ ಆದ್ದರಿಂದ ಕಾಗದ ಆ ದಾರಿಯಿಂದಲೇ ನಿಮಗೆ ತಲುಪುತ್ತದೆ ಎಂದು ನಂಬಿಕೆ. ನನ್ನ ಜೊತೆಯವರೆಲ್ಲ ಆಗಲೇ ಬರೆದುಬಿಟ್ಟರು. ನನಗೆ ಹಿರಿಯರೆದುರು ಮಾತೇ ಹೊರಡುವುದಿಲ್ಲ, ಕಾಗದದಲ್ಲಿಯೂ ಹೊರಡಲಿಲ್ಲ. ಹಾಳೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟೆ. ಈಗ ನನಗೆ ಹದಿನೇಳು ಸುತ್ತು ತುಂಬಿದೆ, ನಿಮ್ಮ ಲೆಕ್ಕದಲ್ಲಿ ಹತ್ತೊಂಬತ್ತು ವರ್ಷ. ಅಕ್ಷರಗಳನ್ನು ಸಣ್ಣದಾಗಿ ಬರೆಯುತ್ತಿದ್ದೇನೆ, ಜಾಗ ಸಾಲಬೇಕಲ್ಲ.

ನಿಮ್ಮ ಗೋಡೆಯ ಒಳಗೆ ನಾವು ಮುನ್ನೂರು ಜನ ಇದ್ದೇವೆ. ನಿಮ್ಮ ಕಾಲದಲ್ಲಿ ಈ ಜಾಗದ ಉತ್ತರಕ್ಕೆ ಕುಮಟೆ ಎಂಬ ಊರಿತ್ತಂತೆ. ಈಗ ಆ ಕಡೆ ನೀರು. ಪೂರ್ವಕ್ಕೆ ನುಂಗುಕೆಸರು, ಅಂದರೆ ಗುಡ್ಡದ ಬುಡದವರೆಗೂ ಹಬ್ಬಿರುವ ಆಳದ ಕೆಸರು. ಅದರಲ್ಲಿ ಕಾಲಿಟ್ಟವರು ಸೊಂಟದವರೆಗೆ ಇಳಿಯುತ್ತಾರೆ, ಹಲಗೆಯೂ ನಿಲ್ಲುವುದಿಲ್ಲ, ದೋಣಿಯೂ ತೇಲುವುದಿಲ್ಲ. ಉಳಿದ ಮೂರು ಕಡೆ ಗೋಡೆ. ಒಳಗೆ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತೇವೆ, ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತೇವೆ, ಉಪ್ಪು ತೆಗೆಯುತ್ತೇವೆ. ಹೊಟ್ಟೆಗೆ ಕಡಿಮೆಯಿಲ್ಲ. ಆದರೆ ಅಂಗಳ ಗುಡಿಸಲು ಬಗ್ಗಿ ಎದ್ದರೆ ಗೋಡೆ, ಬಟ್ಟೆ ಒಣಹಾಕಲು ಕೈ ಎತ್ತಿದರೆ ಗೋಡೆ. ಸಂಜೆಯ ಬಿಸಿಲು ನಮಗೆ ನಾಲ್ಕು ಗಂಟೆಗೇ ಮುಗಿಯುತ್ತದೆ. ಅಕ್ಕನ ಮಗಳು ಮೊನ್ನೆಯವರೆಗೂ ಕಡಲು ಎಂದರೆ ಒಂದು ಸದ್ದು ಎಂದುಕೊಂಡಿದ್ದಳು. ಅವಳನ್ನು ಎತ್ತಿಕೊಂಡು ಗೋಡೆಯ ಮೇಲೆ ಹೋಗಿ ತೋರಿಸಿದಾಗ, ಅದು ಅಲ್ಲಾಡುತ್ತದೆ ಎಂದು ಅತ್ತಳು.

ಹೊರಗೆ ಹೋಗಲು ದಾರಿ ಒಂದೇ. ಪಡುವಣ ಗೋಡೆಯಲ್ಲಿ ನೀವು ನೀರು ಆಡಲೆಂದು ಬಿಟ್ಟ ಕಿಂಡಿ. ಕಿಂಡಿಯ ತಳಕ್ಕೆ ನೀವು ಹಾಕಿಸಿದ ಕಾಂಕ್ರೀಟಿನ ಅಡ್ಡಪಟ್ಟಿಯನ್ನು ಹೊಸ್ತಿಲು ಎನ್ನುತ್ತೇವೆ. ಅದರಾಚೆ ಒಡೆದ ಕಲ್ಲುಗಳು, ಅಲೆ ಬಡಿಯುವ ಜಾಗ. ಊರಿಗೆ ಇರುವುದು ಒಂದೇ ದೋಣಿ. ಅದು ಹೊಸ್ತಿಲನ್ನೂ ಕಲ್ಲುಗಳನ್ನೂ ದಾಟಬೇಕಾದರೆ ಹೊಸ್ತಿಲಿನ ಮೇಲೆ ಮೂರು ಗೇಣು ನೀರು ನಿಲ್ಲಬೇಕು. ಸಾಧಾರಣ ಹುಣ್ಣಿಮೆಯ ಉಬ್ಬರಕ್ಕೆ ಅಲ್ಲಿ ಎರಡು ಗೇಣು ಬರುತ್ತದೆ. ಒಂದು ಗೇಣು ಸಾಲದು. ಹೊಸ್ತಿಲನ್ನು ಒಡೆಯಲು ನಮ್ಮ ಅಜ್ಜಂದಿರು ಎರಡು ತಲೆಮಾರು ಹಾರೆ ಹಾಕಿದರು. ಹಾರೆಗಳು ಮೊಂಡಾದವು, ಹೊಸ್ತಿಲಿನಲ್ಲಿ ಅಂಗೈಯಷ್ಟು ಗುಂಡಿ ಬಿತ್ತು. ನೀವು ಕೆಲಸ ಚೆನ್ನಾಗಿ ಮಾಡಿದ್ದೀರಿ. ಕುಹಕದಿಂದ ಹೇಳುತ್ತಿಲ್ಲ.

ಆ ಒಂದು ಗೇಣನ್ನು ಕೊಡುವುದು ಸಮೀಪದ ಚಂದ್ರ. ಹದಿನಾಲ್ಕು ಹುಣ್ಣಿಮೆಗೊಮ್ಮೆ ಒಂದು ಹುಣ್ಣಿಮೆ ಉಳಿದವಕ್ಕಿಂತ ದೊಡ್ಡದಾಗಿಯೂ ಪ್ರಕಾಶವಾಗಿಯೂ ಬರುವುದನ್ನು ನೀವೂ ನೋಡಿರಬಹುದು. ನಮ್ಮ ಐದನೆಯ ತರಗತಿಯ ಪುಸ್ತಕದಲ್ಲಿ ಅದರ ಕಾರಣ ಅರ್ಧ ಪುಟ ಉಳಿದಿದೆ, ಇನ್ನರ್ಧವನ್ನು ಉಪ್ಪು ತಿಂದಿದೆ. ಚಂದ್ರ ಭೂಮಿಯನ್ನು ಸುತ್ತುವ ದಾರಿ ಬಳೆಯಂತೆ ದುಂಡಗಿಲ್ಲ, ಒಂದಿಷ್ಟು ಒತ್ತಿದ ಬಳೆಯಂತಿದೆ. ಹೀಗಾಗಿ ಪ್ರತಿ ಸುತ್ತಾಟದಲ್ಲಿಯೂ ಅವನು ಒಮ್ಮೆ ನಮಗೆ ಹತ್ತಿರ ಬರುತ್ತಾನೆ, ಒಮ್ಮೆ ದೂರ ಹೋಗುತ್ತಾನೆ. ಹತ್ತಿರ ಬಂದ ದಿನವೇ ಹುಣ್ಣಿಮೆಯೂ ಕೂಡಿದರೆ ದೊಡ್ಡದಾಗಿ ಕಾಣುತ್ತಾನೆ, ಬೆಳಕು ಹೆಚ್ಚು ಕೊಡುತ್ತಾನೆ, ಕಡಲನ್ನೂ ಹೆಚ್ಚು ಎಳೆಯುತ್ತಾನೆ. ಅಂಥ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಒಂದು ಸುತ್ತು. ನಮ್ಮ ವಯಸ್ಸು, ಮದುವೆ, ಸಾವು ಎಲ್ಲವನ್ನೂ ಆ ಲೆಕ್ಕದಲ್ಲಿಯೇ ಹೇಳುತ್ತೇವೆ.

ಲೆಕ್ಕವಿದ್ದ ಮೇಲೆ ಕಷ್ಟವೇನು ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ನಾಲ್ಕು ಹುಣ್ಣಿಮೆ ಕಾಣುವುದೇ ಇಲ್ಲ, ಎಣಿಕೆ ತಪ್ಪುತ್ತದೆ. ಕೆಲವೊಮ್ಮೆ ಹದಿಮೂರನೆಯದೇ ಸಮೀಪದ್ದಾಗಿರುತ್ತದೆ. ದೋಣಿಯನ್ನು ದಿಮ್ಮಿಗಳ ಮೇಲಿಂದ ಕಿಂಡಿಗೆ ಎಳೆಯಲು ನಲವತ್ತು ಜನ ಬೆಳಗಿನಿಂದ ದುಡಿಯಬೇಕು. ಮೂರು ಗೇಣು ನೀರು ನಿಲ್ಲುವುದು ಅರ್ಧ ಗಂಟೆಯೂ ಇಲ್ಲ. ಒಮ್ಮೆ ತಪ್ಪು ಹುಣ್ಣಿಮೆಗೆ ದೋಣಿ ಬಿಟ್ಟು ಅದು ಹೊಸ್ತಿಲಿನ ಮೇಲೆ ಕುಳಿತು ಮುರಿಯಿತು, ಒಂಬತ್ತು ಜನ ಹೋದರು. ಅಂದಿನಿಂದ ಹುಣ್ಣಿಮೆಯ ಸಂಜೆ ಸೂಜಿ ನೋಡುವ ಪದ್ಧತಿ ಬಂತು. ಚಂದ್ರ ಕೆಸರಿನ ಮೇಲೆ ಒಂದು ಆಳೆತ್ತರ ಏರಿದಾಗ ಊರಿನ ಸೂಜಿಯಜ್ಜಿ ಗೋಡೆಯ ಮೇಲೆ ಕುಳಿತು, ದೀಪವಿಲ್ಲದೆ, ಬೆಳದಿಂಗಳಿನಲ್ಲಿಯೇ ಸೂಜಿಗೆ ದಾರ ಪೋಣಿಸಬೇಕು. ಮೂರು ಸಲದೊಳಗೆ ದಾರ ಹೋದರೆ ಚಂದ್ರ ಸಮೀಪದವನು, ಮರುದಿನ ದೋಣಿ ಹೊರಡುತ್ತದೆ. ಹೋಗದಿದ್ದರೆ ಇಲ್ಲ. ಸೂಜಿಯ ಮಾತಿಗೆ ಎದುರು ಮಾತಿಲ್ಲ.

ಇಪ್ಪತ್ತು ಸುತ್ತಿನಿಂದ ಸೂಜಿ ನೋಡುತ್ತಿದ್ದವಳು ನಮ್ಮ ಬುದವಂತಿ ಅಜ್ಜಿ. ಅಮ್ಮ ತೀರಿಹೋದ ಮೇಲೆ ನನ್ನನ್ನೂ ಅಕ್ಕ ಗುಲಾಬಿಯನ್ನೂ ಬೆಳೆಸಿದವಳು ಅವಳೇ. ಅಜ್ಜಿಯ ಸೂಜಿ ಒಮ್ಮೆಯೂ ತಪ್ಪಿರಲಿಲ್ಲ. ಚಳಿಗಾಲದ ಹುಣ್ಣಿಮೆ ನೆತ್ತಿಯ ಮೇಲೆ ಬಂದು ತೊಳೆದಿಟ್ಟಂತೆ ಹೊಳೆಯುವಾಗ ಹುಡುಗರೆಲ್ಲ ಇದೇ ಸಮೀಪದ ಚಂದ್ರ ಎಂದು ಕುಣಿಯುತ್ತಿದ್ದರು. ಅವನು ಎತ್ತರಕ್ಕೆ ಬಂದಿದ್ದರಿಂದ, ಗಾಳಿ ಶುಭ್ರವಾಗಿದ್ದರಿಂದ ಹಾಗೆ ಕಾಣುತ್ತಾನೆಯೇ ಹೊರತು ಹತ್ತಿರ ಬಂದಿಲ್ಲ ಎಂದು ಅಜ್ಜಿ ಅವನು ಕೆಳಗಿರುವಾಗಲೇ ನೋಡಿ ಹೇಳುತ್ತಿದ್ದಳು. ಅಂಥ ಕಣ್ಣು ಅವಳದು.

ಕಳೆದ ಸುತ್ತಿನ ಕೊನೆಗೆ ಅಕ್ಕನ ಕುತ್ತಿಗೆಯಲ್ಲಿ ಗಂಟು ಬೆಳೆಯಿತು. ಮೊದಲು ಹುಣಸೆಬೀಜದಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ಅನ್ನ ನುಂಗುವುದು ನಿಂತು ಗಂಜಿಗೆ ಬಂದಳು. ಮಲಗಿದರೆ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ದೋಣಿಯಲ್ಲಿ ಎರಡು ದಿನದ ದೂರದ ಮೇಲೂರಿನಲ್ಲಿ ಗಂಟು ಕೊಯ್ದು ತೆಗೆಯುವ ವೈದ್ಯರಿದ್ದಾರೆ. ಸಮೀಪದ ಹುಣ್ಣಿಮೆ ಎದುರಿಗೇ ಇತ್ತು. ಅಕ್ಕ ಎರಡು ಸೀರೆ, ಮಗಳ ಒಂದು ಹಳೆಯ ಅಂಗಿ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡಿದ್ದಳು.

ಆ ಸಂಜೆ ಅಜ್ಜಿಯ ಪಕ್ಕದಲ್ಲಿ ದಾರ ಹಿಡಿದು ಕುಳಿತವಳು ನಾನು. ಗೋಡೆಯ ಮೇಲೆ ನೀವು ಒಂದು ಮಾತು ಕೆತ್ತಿಸಿದ್ದೀರಿ, 'ಇಲ್ಲಿ ಯಾರೂ ಕೂರಬಾರದು' ಎಂದು. ನಾವು ಯಾವಾಗಲೂ ಅಲ್ಲಿಯೇ ಕೂರುತ್ತೇವೆ. ಸವೆದುಹೋದ ಆ ಅಕ್ಷರಗಳನ್ನು ಬೆಳದಿಂಗಳಿನಲ್ಲಿ ನಾನು ಎಂದೂ ಓದಿರಲಿಲ್ಲ. ಅಂದು ಒಂದೊಂದು ಅಕ್ಷರವೂ, ಕೊಂಬು ದೀರ್ಘಗಳ ಸಮೇತ, ಓದಲು ಬಂತು. ಅಜ್ಜಿ ಸೂಜಿ ಎತ್ತಿದಳು. ದಾರ ಸೂಜಿಯ ಎಡಕ್ಕೆ ಹೋಯಿತು. ಎರಡನೆಯ ಸಲ ಬಲಕ್ಕೆ. ಮೂರನೆಯ ಸಲ ಅವಳ ಬೆರಳಿಗೇ ತಾಗಿತು.

ನನಗೆ ಗೊತ್ತಿತ್ತು. ಒಂದು ಸುತ್ತಿನಿಂದ ಮನೆಯಲ್ಲಿ ಹಗಲು ಹೊತ್ತಿನಲ್ಲಿಯೂ ಅಜ್ಜಿಯ ಸೂಜಿಗೆ ದಾರ ಹಾಕಿಕೊಡುತ್ತಿದ್ದವಳು ನಾನೇ. ಅವಳ ಕಣ್ಣಿನಲ್ಲಿ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಅವಳು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ, ಸುಮ್ಮನೆ ಸೂಜಿಯನ್ನು ನನ್ನ ಕಡೆ ಚಾಚುತ್ತಿದ್ದಳು. ಮುನ್ನೂರು ಜನರ ಎದುರು ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎಂದು ನಾನು ಹೇಗೆ ಹೇಳಲಿ? ದೋಣಿ ನಡೆಸುವ ಜಟ್ಟಪ್ಪ ಹಗ್ಗ ಸುತ್ತಿಟ್ಟು, ಚಂದ್ರ ಇನ್ನೂ ದೂರ ಇದ್ದಾನೆ ಎಂದ. ಎಲ್ಲರೂ ಇಳಿದು ಮನೆಗೆ ಹೋದರು.

ಮರುದಿನ ಮಧ್ಯಾಹ್ನ ನೀರು ಏರಿತು. ಒಂದು ಗೇಣು, ಎರಡು ಗೇಣು, ಆಮೇಲೆ ನಿಲ್ಲದೆ ಮೂರು ಗೇಣು. ದೋಣಿ ನೂರು ಮಾರು ದೂರದಲ್ಲಿ ದಿಮ್ಮಿಗಳ ಮೇಲೆ ಒಣಗಿ ಕುಳಿತಿತ್ತು. ಚಂದ್ರ ಮೋಸ ಮಾಡಿದ ಎಂದು ಊರವರು ಆಮೇಲೆ ಹೇಳಿದರು, ಕಡಲಿಗೆ ಬುದ್ಧಿ ಕೆಟ್ಟಿದೆ ಎಂದೂ ಹೇಳಿದರು. ಅಜ್ಜಿಯ ಕಣ್ಣಿನ ಯೋಚನೆ ಒಬ್ಬರಿಗೂ ಬರಲಿಲ್ಲ. ಅಕ್ಕ ಬಟ್ಟೆಯ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದಳು. ನಾನು ಅಡುಗೆಮನೆಯಲ್ಲಿ ಕುಳಿತು ಅವಳ ಉಸಿರಿನ ಸದ್ದು ಕೇಳುತ್ತಿದ್ದೆ. ಇನ್ನು ಹದಿನಾಲ್ಕು ಹುಣ್ಣಿಮೆ. ಅಷ್ಟು ದಿನ ಅವಳಿಗೆ ಇಲ್ಲ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಬಾಯಿ ಬಿಡಲಾರದವಳು ಕೈಯಿಂದ ಏನಾದರೂ ಮಾಡಬೇಕಲ್ಲ. ನಾಲ್ಕು ಮೊಳದ ಒಂದು ಬಿದಿರಿನ ತುದಿಗೆ ಬಳಚಿನ ಚಿಪ್ಪು ಕಟ್ಟಿದೆ. ಚಿಪ್ಪಿಗೆ ಒಂದು ತೂತು ಕೊರೆದು ಇನ್ನೊಂದು ತುದಿಯಿಂದ ಚಂದ್ರನನ್ನು ನೋಡಿದೆ. ತೂತನ್ನು ಉಜ್ಜಿ ಉಜ್ಜಿ, ಚಂದ್ರ ಸರಿಯಾಗಿ ತುಂಬುವಷ್ಟು ಮಾಡಿದೆ. ಕೆಲವು ದಿನ ಬಿಟ್ಟು ನೋಡಿದರೆ ಅದೇ ತೂತಿನಲ್ಲಿ ಅವನ ಸುತ್ತ ಕಪ್ಪು ಅಂಚು ಉಳಿಯುತ್ತಿತ್ತು, ಅಂದರೆ ದೂರ ಹೋಗಿದ್ದ. ಬೆಳಕು ಮೋಸ ಮಾಡುತ್ತದೆ, ಮೋಡ ಮಂಜು ಹೊಗೆ ಎಲ್ಲ ಅದನ್ನು ಬದಲಾಯಿಸುತ್ತವೆ. ಗಾತ್ರ ಬದಲಾಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲಿ ಐದೇ ದಿನ ಅವನು ಸಿಕ್ಕಿದ. ಮುಂಚೆ ಮತ್ತು ಆಮೇಲೆ ನೋಡಿದ್ದನ್ನೆಲ್ಲ ಕದದ ಹಿಂದೆ ಇದ್ದಿಲಿನಿಂದ ಗೆರೆ ಹಾಕಿಟ್ಟೆ.

ಗೆರೆಗಳು ಒಂದು ಸಂಗತಿ ಹೇಳಿದವು. ಚಂದ್ರ ಹತ್ತಿರ ಬರುವ ದಿನ ಪ್ರತಿ ಸಲವೂ ಹುಣ್ಣಿಮೆಗಿಂತ ಎರಡು ದಿನ ಮುಂಚೆ ಸರಿಯುತ್ತಿತ್ತು. ಮೊದಲ ತಿಂಗಳು ಎರಡು ದಿನ, ಮುಂದಿನ ತಿಂಗಳು ನಾಲ್ಕು. ಎರಡರ ಮಗ್ಗಿ ನನಗೆ ಬರುತ್ತದೆ. ಏಳನೆಯದಕ್ಕೆ ಹದಿನಾಲ್ಕು ದಿನ. ಹುಣ್ಣಿಮೆಯಿಂದ ಹದಿನಾಲ್ಕು ದಿನ ಸರಿದರೆ ಅಮಾವಾಸ್ಯೆ. ಅಂದರೆ ಅವನು ಅಷ್ಟೇ ಹತ್ತಿರ ಬಂದಿರುತ್ತಾನೆ, ಆದರೆ ಬೆಳಕಿರುವುದಿಲ್ಲ. ಅಮಾವಾಸ್ಯೆಗೂ ಕಡಲು ಹುಣ್ಣಿಮೆಯಷ್ಟೇ ಉಬ್ಬುತ್ತದೆ ಎಂದು ಪುಸ್ತಕದ ಉಳಿದ ಅರ್ಧ ಪುಟದಲ್ಲಿಯೇ ಇದೆ. ಹಾಗಾದರೆ ಕಾಣದ ಚಂದ್ರನೂ ಆ ಒಂದು ಗೇಣು ನೀರನ್ನು ತರಬೇಕು.

ಇಷ್ಟು ಕಾಲ ಇದು ಯಾರಿಗೂ ಹೊಳೆಯದ್ದಕ್ಕೆ ಕಾರಣವಿದೆ. ನಿಮ್ಮ ಗೋಡೆ ಮೊದಲ ಸಲ ಮುರಿದು ಊರಿನ ಅರ್ಧ ಜನ ಹೋದದ್ದು ಒಂದು ಅಮಾವಾಸ್ಯೆಯ ಮರುದಿನವಂತೆ. ಅದಕ್ಕಾಗಿ ಅಮಾವಾಸ್ಯೆ ಮತ್ತು ಅದರ ಮರುದಿನಗಳನ್ನು ಬೆನ್ನುದಿನ ಎನ್ನುತ್ತೇವೆ. ಆ ಎರಡು ದಿನ ಯಾರೂ ಗೋಡೆ ಹತ್ತಬಾರದು, ಕಿಂಡಿಯ ಕಡೆ ನೋಡಬಾರದು, ಕೂತರೂ ಉಂಡರೂ ಪಡುವಣಕ್ಕೆ ಬೆನ್ನು ಮಾಡಬೇಕು. ಕಡಲು ಬಾಗಿಲು ತೆರೆದ ದಿನಗಳಲ್ಲೆಲ್ಲ ನಾವು ಅದಕ್ಕೆ ಬೆನ್ನು ಹಾಕಿ ಕುಳಿತಿದ್ದೆವು.

ಅಕ್ಕನಿಗೆ ಮೊದಲು ಹೇಳಿದೆ. ಆಗ ಅವಳ ಧ್ವನಿ ಸೊರಗಿ ಪಿಸುಮಾತಾಗಿತ್ತು. ನನ್ನ ಗೆರೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿ, ಅಜ್ಜಿಗೆ ಹೇಳು ಎಂದಳು. ಆರನೆಯ ಹುಣ್ಣಿಮೆ ಕಳೆದು ಹತ್ತು ದಿನವಾಗಿತ್ತು, ಉಳಿದದ್ದು ನಾಲ್ಕೇ ದಿನ. ಅಜ್ಜಿ ಕೇಳಿ, ಎಣಿಕೆಯನ್ನು ಇನ್ನೊಮ್ಮೆ ಹೇಳಿಸಿದಳು. ಆಮೇಲೆ, ತನ್ನ ಮದುವೆಯಾದ ಸುತ್ತಿನಲ್ಲಿ ಒಂದು ಬೆನ್ನುದಿನ ಕಳೆದು ನೋಡಿದರೆ ಉಪ್ಪಿನಗದ್ದೆಗಳೆಲ್ಲ ಮುಳುಗಿದ್ದವು, ಯಾರದೋ ಪಾಪ ಎಂದು ಹರಕೆ ಹೊತ್ತಿದ್ದೆವು ಎಂದಳು. ಊರವರನ್ನು ಕರೆಸು ಎಂದು ಹೇಳಿ ಕಳಿಸಿದವಳೂ ಅವಳೇ.

ಮಧ್ಯಾಹ್ನ ಎಲ್ಲರೂ ದೋಣಿಯ ಬಳಿ ಸೇರಿದರು. ನಾನು ಬಿದಿರನ್ನು ಹಿಡಿದು ನಿಂತೆ, ನಾಲ್ಕೇ ಮಾತಿನಲ್ಲಿ ಲೆಕ್ಕ ಹೇಳಿ ನಿಲ್ಲಿಸಿದೆ. ಜಟ್ಟಪ್ಪ ಕೆಟ್ಟವನಲ್ಲ, ಆದರೆ ಮುರಿದ ದೋಣಿಯಲ್ಲಿ ಹೋದ ಒಂಬತ್ತು ಜನರಲ್ಲಿ ಒಬ್ಬ ಅವನ ಮುತ್ತಜ್ಜ.

"ಕಾಣೂ ಚಂದ್ರನ್ನ ನಂಬಿ ಮುತ್ತಜ್ಜ ಹೋದ. ಈಗ ಕಾಣದ ಚಂದ್ರನ್ನ ನಂಬಿ ನಾ ಹೋಗೂದಾ?" ಎಂದ. "ಬುದವಂತಿ ಅಜ್ಜೀ, ನಿನ್ನ ಮೊಮ್ಮಗಳು ಚಿಪ್ಪಿನ ತೂತಲ್ಲಿ ಎಂತಾ ಕಂಡ್ಳೋ ನಂಗೆ ಬೇಡ. ಸೂಜಿ ಎಂತಾ ಹೇಳ್ತು, ಅದ ಹೇಳು."

ಕೆಲವರು ನಕ್ಕರು. ಕಳೆದ ಸಮೀಪದ ಹುಣ್ಣಿಮೆಗೆ ಸೂಜಿ ಏಕೆ ಸೋತಿತು ಎಂದು ನಾನು ಆಗ ಹೇಳಲೇಬೇಕಾಗಿತ್ತು. ಅಕ್ಕ ದಿಮ್ಮಿಗೆ ಒರಗಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಸೆರಗಿನಿಂದ ಸೂಜಿ ಬಿಚ್ಚಿ ತೆಗೆದಳು.

ನೆತ್ತಿಯ ಮೇಲೆ ಸೂರ್ಯ. ದಾರವನ್ನು ಎಂಜಲು ಮಾಡಿ ಚೂಪು ಮಾಡಿಕೊಂಡಳು. ಎಲ್ಲರ ಎದುರು ಒಂದು ಸಲ ಪೋಣಿಸಲು ಹೋದಳು, ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ನಗು ನಿಂತಿತು. ಮೂರನೆಯ ಸಲ ದಾರ ಸೂಜಿಯಿಂದ ಎರಡು ಬೆರಳು ದೂರದಲ್ಲಿಯೇ ಗಾಳಿಯಲ್ಲಿ ಹೋಯಿತು.

"ಸೂರ್ಯನೂ ದೂರ ಹೋಗಿದ್ನಾ, ಜಟ್ಟೂ?" ಎಂದಳು ಅಜ್ಜಿ. "ಚಂದ್ರ ಬಂದಿದ್ದ. ನಂಗೆ ಕಂಡದ್ದಿಲ್ಲ. ಹೇಳೂಕೆ ನಾಚ್ಕೆ ಆಯ್ತು."

ಆಮೇಲೆ ಸೂಜಿಯನ್ನು ನನ್ನ ಕೈಯಲ್ಲಿ ಇಟ್ಟಳು. ದಾರ ಮೊದಲ ಸಲಕ್ಕೇ ಹೋಯಿತು. ನಾಚಿಕೆ ಅಜ್ಜಿಯೊಬ್ಬಳದೇ ಅಲ್ಲ, ನನಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ ಎಂದು ಆಗ ಹೇಳಿದೆ. ಜೋರಾಗಿ ಹೇಳಿದೆನಂತೆ. ಜಟ್ಟಪ್ಪ ದೋಣಿಯ ಅಂಚನ್ನು ಸವರುತ್ತ ನಿಂತಿದ್ದ. ದಿಮ್ಮಿಗೆ ಎಣ್ಣೆ ಹಚ್ಚಿ ಎಂದ.

ಬೆನ್ನುದಿನದಂದು ದೋಣಿ ಎಳೆದವರಲ್ಲಿ ಅರ್ಧ ಜನ ಪಡುವಣಕ್ಕೆ ಮುಖ ಮಾಡಲು ಒಪ್ಪದೆ ಹಿಂದುಹಿಂದಕ್ಕೆ ನಡೆಯುತ್ತ ಎಳೆದರು. ನೀವು ಕಂಡಿದ್ದರೆ ನಗುತ್ತಿದ್ದಿರಿ. ಆಕಾಶದಲ್ಲಿ ಚಂದ್ರ ಎಲ್ಲಿಯೂ ಇರಲಿಲ್ಲ, ಇದ್ದನೆಂದು ನಂಬಿದವಳು ನಾನೊಬ್ಬಳೇ. ಹೊಸ್ತಿಲಿನ ಮೇಲೆ ಎರಡು ಗೇಣು ಬಂದು ನೀರು ನಿಂತ ಹಾಗಾಯಿತು. ಎಷ್ಟು ಹೊತ್ತು ಹಾಗಿತ್ತೋ ತಿಳಿಯದು. ಆಮೇಲೆ ಗೋಡೆಯ ಒಣ ಪಾಚಿ ಬೆರಳಗಲ ಬೆರಳಗಲವಾಗಿ ಒದ್ದೆಯಾಗುತ್ತ ಬಂತು. ಮೂರು ಗೇಣಿಗೆ ಒಂದು ಬೆರಳು ಕಡಿಮೆ ಇರುವಾಗಲೇ ಜಟ್ಟಪ್ಪ ಹುಟ್ಟು ಹಾಕಿದ. ದೋಣಿಯ ತಳ ಹೊಸ್ತಿಲಿಗೆ ಉಜ್ಜಿದ ಸದ್ದು ನನ್ನ ಹಲ್ಲಿನಲ್ಲಿ ಇನ್ನೂ ಇದೆ. ಅದು ದಾಟಿತು.

ಹೊರಡುವ ಮುಂಚೆ ಅಕ್ಕ ನನ್ನ ಕಿವಿಯ ಬಳಿ ಬಾಯಿಟ್ಟು, "ನಾ ತಿರ್ಗಿ ಬರೂ ದಿನ ನೀನೇ ಕಿಂಡಿ ಹತ್ರ ನಿಂತ್ಕಾ. ಮೊದ್ಲು ನಿನ್ನ ಮುಖ ಕಾಣ್ಬೇಕು," ಎಂದಳು.

ಅದಾಗಿ ಏಳು ತಿಂಗಳು ಕಳೆದಿವೆ. ಒಂದೇ ದೋಣಿ ಆದ್ದರಿಂದ ಅವರ ಸುದ್ದಿ ತರುವವರಿಲ್ಲ. ಅವರು ಮರಳಿ ಹೊಸ್ತಿಲು ದಾಟಬೇಕಾದರೆ ಮುಂದಿನ ಸಮೀಪದ ಹುಣ್ಣಿಮೆಯೇ ಬರಬೇಕು. ಅದಕ್ಕೆ ಇನ್ನು ಒಂಬತ್ತು ದಿನ. ಅಕ್ಕ ಇದ್ದಾಳೋ, ಗಂಟು ಹೋಯಿತೋ, ಧ್ವನಿ ಬಂತೋ, ಒಂದೂ ತಿಳಿಯದು. ಅವಳ ಮಗಳು ಪ್ರತಿ ಬೆಳಿಗ್ಗೆ ಕದದ ಹಿಂದಿನ ಗೆರೆಗಳ ಬಳಿ ನಿಂತು ಇವತ್ತು ಎಷ್ಟು ಎಂದು ಕೇಳುತ್ತಾಳೆ. ಎರಡು ದಿನದಿಂದ ತೆಂಕಣ ಗಾಳಿ ಎದ್ದಿದೆ, ಗೋಡೆಯಾಚೆಯ ಸದ್ದು ದಪ್ಪವಾಗಿದೆ. ಮಳೆ ಬೇಗ ಹಿಡಿದು ಕಡಲು ಕೆರಳಿದರೆ ಸಮೀಪದ ಚಂದ್ರ ಬಂದರೂ ದೋಣಿ ಕಿಂಡಿಯ ಹತ್ತಿರ ಸುಳಿಯಲಾಗದು. ಆಗ ಮತ್ತೆ ಏಳು ತಿಂಗಳು. ದಾರಿ ತೋರಿಸಿದವಳು ಎಂದು ಊರಿನವರು ಈಗ ನನಗೆ ಮೊದಲು ಬಡಿಸುತ್ತಾರೆ. ನನಗೆ ನುಂಗಲಾಗುವುದಿಲ್ಲ.

ಹಿರಿಯರೇ, ನಾನು ದೊಡ್ಡದೇನೂ ಕೇಳುವುದಿಲ್ಲ. ಗೋಡೆ ಕಟ್ಟಬೇಡಿ ಎನ್ನುವುದಿಲ್ಲ, ಅದಿಲ್ಲದಿದ್ದರೆ ನಾವಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಆ ಕಿಂಡಿಯ ಬಳಿ ನೂಲು ಹಿಡಿದು ನಿಂತು, ಹೊಸ್ತಿಲು ಇಷ್ಟು ಎತ್ತರ ಇರಲಿ ಎಂದು ಹೇಳುತ್ತೀರಿ. ಅದು ಹೆಚ್ಚು ಹೊತ್ತಿನ ಕೆಲಸವಲ್ಲ. ಆ ಹೊತ್ತಿನಲ್ಲಿ ನೂಲನ್ನು ಒಂದು ಗೇಣು ಇಳಿಸಿ. ಒಂದು ಗೇಣು ಇಳಿದರೆ ನಮಗೆ ಪ್ರತಿ ಹುಣ್ಣಿಮೆಗೂ, ಪ್ರತಿ ಅಮಾವಾಸ್ಯೆಗೂ ಬಾಗಿಲು ತೆರೆಯುತ್ತದೆ. ಅಷ್ಟು ನೀರನ್ನು ನಮ್ಮ ಗದ್ದೆಯ ಏರಿ ತಡೆಯುತ್ತದೆ, ನಾನು ಅಳೆದು ನೋಡಿದ್ದೇನೆ. ಯಾವ ಅಜ್ಜಿಯೂ ಊರಿನ ಎದುರು ತನ್ನ ಕಣ್ಣನ್ನು ಪರೀಕ್ಷೆಗೆ ಇಡಬೇಕಾಗುವುದಿಲ್ಲ. ನೀವು ನಿಮ್ಮ ಅಂಗಳದಲ್ಲಿ ನಿಂತು ದೊಡ್ಡ ಹುಣ್ಣಿಮೆ ನೋಡುವಾಗ ಚೆನ್ನಾಗಿದೆ ಎಂದಷ್ಟೇ ಅಂದುಕೊಂಡು ಒಳಗೆ ಹೋಗಬಹುದು. ನಮಗೂ ಹಾಗೆ ಒಂದು ಸಲ ನೋಡುವ ಆಸೆಯಿದೆ.

ಗೋಡೆಯ ನೆತ್ತಿಯಿಂದ ಹೊಸ್ತಿಲಿನವರೆಗೆ ಹಗ್ಗ ಬಿಟ್ಟು ಇಂದು ಬೆಳಿಗ್ಗೆ ಅಳೆದೆ. ಹನ್ನೊಂದು ಗೇಣು ಇದೆ. ನೀವು ನನ್ನ ಮಾತು ಕೇಳಿದ್ದರೆ ಹನ್ನೆರಡು ಆಗಿರಬೇಕು. ಹಾಳೆ ಮುಗಿಯಿತು. ಇದನ್ನು ಬಿರುಕಿನಲ್ಲಿಟ್ಟು, ಮಣ್ಣು ಮೆತ್ತಿ, ಕೈ ತೊಳೆದುಕೊಂಡು ಇನ್ನೊಮ್ಮೆ ಅಳೆಯುತ್ತೇನೆ.

ಇಂತು,
ಬುದವಂತಿಯ ಮೊಮ್ಮಗಳು, ಗುಲಾಬಿಯ ತಂಗಿ,
ಕುಸಲಿ